ಹೊಳ್ಳಿಸಿ ನೋಡಿ ಕೊಳ್ಳಿರಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ, ಹೆಗಲ ಮೇಲೆ ಕೈಯಾಡಿಸಿ ಹಳೆಯ ಹುಣ್ಣಿನ ಗುರುತನ್ನು ಹುಡುಕುತ್ತಾನೆ. ಇಂಡಿಯ ಪೇಟೆಯಲ್ಲಿ ಲಿಂಬೆ ಕೊಳ್ಳುವವನು ಮೇಲಿನ ನಾಲ್ಕು ಹಣ್ಣುಗಳನ್ನಷ್ಟೇ ನೋಡದೆ ಚೀಲದ ಬುಡಕ್ಕೆ ಕೈ ಹಾಕುತ್ತಾನೆ. ಇಲಕಲ್ಲ ಸೀರೆ ಕೊಳ್ಳುವ ತಾಯಿಯು ಸೆರಗನ್ನು ಮಗುಚಿ ಹಿಂಬದಿಯ ನೇಯ್ಗೆಯನ್ನು ಕಾಣದೆ ಹಣ ಎಣಿಸುವುದಿಲ್ಲ. ‘ಹೊಳ್ಳಿಸಿ ನೋಡಪ್ಪಾ’ ಎಂಬುದು ನಮ್ಮ ಭಾಗದ ಹಿರಿಯರ ಬಾಯಲ್ಲಿ ಸದಾ ಇರುವ ಮಾತು. ಆದರೆ ಅಂಥ ಹಿರಿಯರ ಮನೆಯ ಮಕ್ಕಳೇ ಇಂದು ಮೊಬೈಲಿನ ಗಾಜಿನ ಮೇಲೆ ಮೂಡಿದ ಒಂದು ಚಿತ್ರವನ್ನು ನಂಬಿ, ಮುಟ್ಟಲೂ ಹೊಳ್ಳಿಸಲೂ ಬಾರದ ವಸ್ತುವಿಗೆ ಹಣ ಕಳುಹಿಸುತ್ತಿದ್ದಾರೆ. ಈ ತಿಂಗಳ ಅಂಕಣದಲ್ಲಿ ಆ ವಿಷಯವನ್ನೇ ವಿಚಾರಿಸೋಣ.

ಅಂಚೆಚೀಟಿ, ಹಳೆಯ ಲಕೋಟೆ, ಚಿತ್ರವಿರುವ ಅಂಚೆ ಕಾರ್ಡು, ಕ್ರಿಕೆಟ್ ಆಟಗಾರರ ಕಾರ್ಡು, ಇತ್ತೀಚೆಗೆ ಮಕ್ಕಳು ಹಂಬಲಿಸುವ ಪೋಕೆಮಾನ್ ಕಾರ್ಡು, ಇವೆಲ್ಲವೂ ಸಂಗ್ರಾಹಕರ ವಸ್ತುಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ತಾಲೂಕು ಊರುಗಳಲ್ಲಿ ಇವನ್ನು ಮೇಜಿನ ಮೇಲೆ ಹರಡಿ ತೋರಿಸುವ ವ್ಯಾಪಾರಿಗಳು ಸಿಗುವುದು ದುರ್ಲಭ. ಆದುದರಿಂದ ಅಂತರ್ಜಾಲದ ಪೇಟೆಯೇ ನಮ್ಮ ಮಕ್ಕಳ ಪಾಲಿಗೆ ಏಕೈಕ ಪೇಟೆಯಾಗಿದೆ. ಅದನ್ನು ನಿಷೇಧಿಸಿ ಪ್ರಯೋಜನವಿಲ್ಲ. ಅಲ್ಲಿ ಕಣ್ಣು ತೆರೆದು ವ್ಯವಹರಿಸುವುದನ್ನು ಕಲಿಸುವುದೇ ಜಾಣತನ.

ನಮ್ಮ ನೆಲದ ಚೀಟಿಗಳು

ನಮ್ಮ ಜಿಲ್ಲೆಯ ಬಾಲಕನೊಬ್ಬನು ಅಂಚೆಚೀಟಿ ಸಂಗ್ರಹಿಸಲು ತೊಡಗಿದರೆ ದೂರದ ದೇಶಗಳನ್ನು ಅರಸಬೇಕಾಗಿಲ್ಲ. 1949ರ ಆಗಸ್ಟ್ 15ರಂದು ಸ್ವತಂತ್ರ ಭಾರತವು ಹೊರಡಿಸಿದ ನಿತ್ಯಬಳಕೆಯ ಚೀಟಿಗಳ ಮಾಲೆಯಲ್ಲಿ ಅಜಂತಾ, ಕೋನಾರ್ಕ, ಸಾಂಚಿಗಳ ಜೊತೆಗೆ ವಿಜಯಪುರದ ಗೋಲಗುಂಬಜಕ್ಕೂ ಸ್ಥಾನ ದೊರೆಯಿತು. ಆರು ಆಣೆಯ ಆ ಚೀಟಿಯು 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬರುವ ಮುನ್ನಿನ ಕಾಲದ್ದು. ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಲಿಂಗೈಕ್ಯರಾದ ಎಂಟನೆಯ ಶತಮಾನದ ನೆನಪಿಗಾಗಿ 1967ರ ಮೇ 11ರಂದು 15 ಪೈಸೆಯ ಚೀಟಿಯೊಂದು ಹೊರಬಂದಿತು. 1977ರ ಅಕ್ಟೋಬರ್ 23ರಂದು ಕಿತ್ತೂರು ರಾಣಿ ಚೆನ್ನಮ್ಮನ 25 ಪೈಸೆಯ ಚೀಟಿ ಬಂದಿತು. ಆಲಮಟ್ಟಿಯನ್ನು ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡಿದ್ದ ಹರ್ಡೇಕರ ಮಂಜಪ್ಪನವರ ಚೀಟಿ 1989ರಲ್ಲಿ ಬಂದಿತು. ಈ ನಾಲ್ಕನ್ನು ಒಂದು ಹಾಳೆಯ ಮೇಲೆ ಜೋಡಿಸಿದರೆ ನಮ್ಮ ನಾಡಿನ ಒಂದು ಸಣ್ಣ ಚರಿತ್ರೆಯೇ ಕಣ್ಣೆದುರು ನಿಲ್ಲುತ್ತದೆ.

ಇವು ಕೋಟಿಗಟ್ಟಲೆ ಬೆಲೆಬಾಳುವ ಅಪೂರ್ವ ವಸ್ತುಗಳಲ್ಲ. ಅಂತರ್ಜಾಲದಲ್ಲಿ ಇವುಗಳ ಅನೇಕ ಪ್ರತಿಗಳು ಸದಾ ಮಾರಾಟಕ್ಕಿರುತ್ತವೆ. ಹಾಗಾದರೆ ಒಂದೇ ಚೀಟಿಯ ಒಂದು ಪ್ರತಿಗೆ ಹತ್ತು ರೂಪಾಯಿ, ಮತ್ತೊಂದಕ್ಕೆ ಅದರ ಹಲವು ಪಟ್ಟು ಬೆಲೆ ಏಕೆ? ಉತ್ತರ ಒಂದೇ: ವಸ್ತುವಿನ ಸ್ಥಿತಿ. ಎಲ್ಲೆಡೆ ಸಿಗುವ ವಸ್ತುವಿಗೆ ಸ್ಥಿತಿಯೇ ಬೆಲೆ. ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವ ವಸ್ತುವಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. 1856ರಲ್ಲಿ ಬ್ರಿಟಿಷ್ ಗಯಾನಾದಲ್ಲಿ ಅಚ್ಚಾದ ಒಂದು ಸೆಂಟಿನ ಚೀಟಿಯು ಮೂಲೆ ಕತ್ತರಿಸಿ, ಶಾಯಿ ಮೆತ್ತಿಕೊಂಡು, ನೋಡಲು ಹೀನಾಯವಾಗಿದ್ದರೂ 2021ರಲ್ಲಿ 83 ಲಕ್ಷ ಡಾಲರಿಗೆ ಹರಾಜಾಯಿತು. ಏಕೆಂದರೆ ಅದಕ್ಕೆ ಜೋಡಿಯಿಲ್ಲ. ಇದಕ್ಕೆ ಎದುರಾದ ನಿದರ್ಶನವನ್ನೂ ನೋಡಿರಿ. ಅಮೆರಿಕದ ಟಾಪ್ಸ್ ಕಂಪನಿಯು 1952ರಲ್ಲಿ ಮುದ್ರಿಸಿದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ ಕಾರ್ಡುಗಳು ಹಲವರ ಬಳಿ ಇವೆ. ಹತ್ತಕ್ಕೆ ಒಂಬತ್ತೂವರೆ ಅಂಕ ಪಡೆದ ಅದರ ಒಂದು ಪ್ರತಿಯು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಮಡಿಕೆ ಬಿದ್ದು ಮೂಲೆ ಸವೆದ ಅದೇ ಕಾರ್ಡಿಗೆ ಇದರ ನೂರರಲ್ಲೊಂದು ಪಾಲೂ ಸಿಗಲಾರದು. ಚಿತ್ರ ಅದೇ, ಕಾಗದ ಅದೇ, ವಯಸ್ಸೂ ಅದೇ, ಬೇರೆಯಾದದ್ದು ಸ್ಥಿತಿಯೊಂದೇ.

ಚೀಟಿಯ ಆರೋಗ್ಯ ಪರೀಕ್ಷೆ

ಅಂಚೆಚೀಟಿಯನ್ನು ಪರೀಕ್ಷಿಸುವಾಗ ಮುಖ, ಅಂಚು, ಬೆನ್ನು ಈ ಮೂರನ್ನು ಕ್ರಮವಾಗಿ ನೋಡಬೇಕು. ಮುಖದಲ್ಲಿ ಬಣ್ಣ ಮಾಸಿದೆಯೇ, ಚಿತ್ರವು ನಾಲ್ಕೂ ಬದಿಯ ಬಿಳಿಯ ಅಂಚಿನ ನಡುವೆ ಸಮನಾಗಿ ಕುಳಿತಿದೆಯೇ, ಅಂಚೆ ಮುದ್ರೆ ಬಿದ್ದಿದ್ದರೆ ಅದು ಹಗುರವಾಗಿ ಸ್ಪಷ್ಟವಾಗಿದೆಯೇ ಅಥವಾ ಚಿತ್ರವನ್ನೇ ಕಪ್ಪಾಗಿಸಿದೆಯೇ ಎಂದು ಗಮನಿಸಬೇಕು. ಅಂಚಿನಲ್ಲಿರುವ ಹಲ್ಲುಗಳನ್ನು ಒಂದೊಂದಾಗಿ ನೋಡಬೇಕು. ಒಂದು ಹಲ್ಲು ಗಿಡ್ಡವಾಗಿದ್ದರೂ, ಮೂಲೆಯ ಹಲ್ಲು ಮುರಿದಿದ್ದರೂ ಬೆಲೆ ಇಳಿಯುತ್ತದೆ. ಎತ್ತಿನ ಹಲ್ಲು ನೋಡಬಲ್ಲ ಜನರಿಗೆ ಇದೇನೂ ಕಠಿಣವಲ್ಲ.

ಮುಖ್ಯವಾದ ಸಂಗತಿಗಳು ಇರುವುದು ಬೆನ್ನಿನಲ್ಲಿ. ಬಳಸದ ಚೀಟಿಯಾದರೆ ಮೂಲ ಅಂಟು ಉಳಿದಿದೆಯೇ ಎಂಬುದು ಮೊದಲ ಪ್ರಶ್ನೆ. ಹಿಂದೆ ಸಂಗ್ರಾಹಕರು ಹಿಂಜ್ ಎಂಬ ಸಣ್ಣ ಕಾಗದದ ತುಣುಕಿನಿಂದ ಚೀಟಿಯನ್ನು ಪುಸ್ತಕಕ್ಕೆ ಅಂಟಿಸುತ್ತಿದ್ದರು. ಶಾಲೆಯ ಮಕ್ಕಳಾದರೋ ಅನ್ನದ ಅಗುಳಿನಿಂದಲೇ ಅಂಟಿಸಿಬಿಡುತ್ತಿದ್ದರು. ಅದನ್ನು ಕೀಳುವಾಗ ಕಾಗದದ ಒಂದು ಪದರ ಎದ್ದುಬಂದು ಆ ಜಾಗ ತೆಳುವಾಗುತ್ತದೆ. ಮುಂದಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ. ದೀಪದೆದುರು ಹಿಡಿದಾಗ ಮಾತ್ರ ಆ ಜಾಗ ಹೆಚ್ಚು ಬೆಳಗುತ್ತದೆ. ತುಕ್ಕಿನಂಥ ಕಂದು ಚುಕ್ಕಿಗಳು ತೇವದಲ್ಲಿಟ್ಟ ಚೀಟಿಗಳ ರೋಗ. ನಮ್ಮದು ಒಣ ಸೀಮೆಯಾದರೂ ನಾವು ಕೊಳ್ಳುವ ಚೀಟಿ ಕರಾವಳಿಯ ಊರೊಂದರ ಪೆಟ್ಟಿಗೆಯಲ್ಲಿ ನಲವತ್ತು ಮಳೆಗಾಲಗಳನ್ನು ಕಳೆದು ಬಂದಿರಬಹುದು ಎಂಬುದನ್ನು ಮರೆಯಬಾರದು.

ಇವೆಲ್ಲ ವಯಸ್ಸಿನ ದೋಷಗಳು. ಮನುಷ್ಯನು ಬೇಕೆಂದೇ ಮಾಡುವ ದೋಷಗಳು ಬೇರೆ ಇವೆ. ಲೇಖನಿಯ ಶಾಯಿಯಿಂದ ರದ್ದು ಮಾಡಿದ ಗುರುತನ್ನು ತೊಳೆದು ‘ಬಳಸದ ಚೀಟಿ’ ಎಂದು ಮಾರುವುದುಂಟು. ಅಂಟಿಲ್ಲದ ಚೀಟಿಗೆ ಹೊಸದಾಗಿ ಅಂಟು ಬಳಿಯುವುದುಂಟು. ಅಂಥಲ್ಲಿ ಅಂಟು ಹಲ್ಲುಗಳ ತುದಿಗೂ ಹರಿದು ಅವು ಗಟ್ಟಿಯಾಗಿರುತ್ತವೆ. ಹಾಳಾದ ಅಂಚನ್ನು ಕತ್ತರಿಸಿ ಹೊಸ ಹಲ್ಲು ಕೊರೆಯುವುದೂ ಉಂಟು. ಆಗ ಚೀಟಿಯ ಅಗಲವು ಇತರ ಪ್ರತಿಗಳಿಗಿಂತ ಕಡಿಮೆಯಾಗಿರುತ್ತದೆ. 1948ರಲ್ಲಿ ಗಾಂಧೀಜಿಯವರ ನೆನಪಿಗಾಗಿ ಬಂದ ಹತ್ತು ರೂಪಾಯಿಯ ಚೀಟಿಯಂಥ ಬೆಲೆಬಾಳುವ ಚೀಟಿಗಳಲ್ಲಿ ಪೂರ್ತಿ ನಕಲಿಗಳೇ ತಿರುಗಾಡುತ್ತವೆ. ಅಂಥದನ್ನು ಪರಿಣತರ ಪ್ರಮಾಣಪತ್ರವಿಲ್ಲದೆ ಚಿತ್ರ ನೋಡಿ ಕೊಳ್ಳಲೇಬಾರದು.

ಪ್ರಥಮ ದಿನದ ಲಕೋಟೆಗಳಿಗೆ ಇನ್ನೊಂದು ಸುಲಭ ಪರೀಕ್ಷೆ ಇದೆ. ಮುದ್ರೆಯ ಮೇಲಿನ ದಿನಾಂಕವು ಚೀಟಿ ಹೊರಬಂದ ದಿನಾಂಕವೇ ಆಗಿರಬೇಕು. ಬಸವೇಶ್ವರ ಚೀಟಿಯ ಲಕೋಟೆಯಲ್ಲಿ 11-5-1967 ಎಂಬುದು ಓದಲು ಬರದಿದ್ದರೆ ಅದು ಪ್ರಥಮ ದಿನದ್ದೆಂಬ ಮಾತಿಗೆ ಸಾಕ್ಷಿಯಿಲ್ಲ.

ಚಿತ್ರವು ಏನನ್ನು ಮರೆಮಾಡುತ್ತದೆ?

ಇನ್ನು, ಇವನ್ನೆಲ್ಲ ಮೊಬೈಲಿನಲ್ಲಿ ಕಾಣುವುದು ಹೇಗೆ? ಮೊದಲನೆಯದಾಗಿ, ಆ ಚಿತ್ರವು ನಿಮಗೆ ಬರಲಿರುವ ವಸ್ತುವಿನದೇ ಹೌದೋ ಎಂದು ಖಚಿತಪಡಿಸಿಕೊಳ್ಳಿರಿ. ಅನೇಕರು ಒಂದು ಒಳ್ಳೆಯ ಪ್ರತಿಯ ಚಿತ್ರವನ್ನು ಹಾಕಿ ಬೇರೆ ಪ್ರತಿಯನ್ನು ಕಳುಹಿಸುತ್ತಾರೆ. ‘ಮಾದರಿ ಚಿತ್ರ’ ಎಂಬ ಮಾತು ಎಲ್ಲಿಯಾದರೂ ಸಣ್ಣ ಅಕ್ಷರದಲ್ಲಿದ್ದರೆ ಸ್ಥಿತಿಯ ವಿಷಯದಲ್ಲಿ ನಿಮಗೆ ಯಾವ ಭರವಸೆಯೂ ದೊರೆತಿಲ್ಲವೆಂದೇ ಅರ್ಥ.

ಎರಡನೆಯದಾಗಿ, ಹಿನ್ನೆಲೆಯನ್ನು ನೋಡಿರಿ. ಬಿಳಿಯ ಕಾಗದದ ಮೇಲೆ ಬಿಳಿಯ ಅಂಚಿನ ಚೀಟಿಯನ್ನಿಟ್ಟು ಚಿತ್ರ ತೆಗೆದರೆ ಮುರಿದ ಹಲ್ಲು ಕಾಣದು; ಕಪ್ಪು ಹಾಳೆಯ ಮೇಲೆ ಇಟ್ಟರೆ ಪ್ರತಿಯೊಂದು ಹಲ್ಲೂ ಎದ್ದು ಕಾಣುತ್ತದೆ. ಮೂರನೆಯದಾಗಿ, ಬೆಳಕು. ಎದುರಿನಿಂದ ಬಿದ್ದ ಬೆಳಕಿನಲ್ಲಿ ಮಡಿಕೆ ಮಾಯವಾಗುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಹೊಲದ ಸಾಲುಗಳು ಎದ್ದು ಕಾಣುವಂತೆ ಪಕ್ಕದಿಂದ ಬಿದ್ದ ಬೆಳಕಿನಲ್ಲಿ ಮಡಿಕೆಯೂ ಗೀರೂ ಗೆರೆಯಾಗಿ ಮೂಡುತ್ತವೆ. ನಾಲ್ಕನೆಯದಾಗಿ, ಪ್ಲಾಸ್ಟಿಕ್ ಹೊದಿಕೆಯೊಳಗಿಟ್ಟು ತೆಗೆದ ಚಿತ್ರ. ಹೊದಿಕೆಯ ಹೊಳಪು ಕಾರ್ಡಿನ ಗೀರುಗಳನ್ನು ನುಂಗಿಬಿಡುತ್ತದೆ. ಐದನೆಯದಾಗಿ, ಬಣ್ಣ. ಚಿತ್ರದಲ್ಲಿ ಮಾರುವವರ ಬೆರಳು ಅರಿಶಿನ ಹಚ್ಚಿದಂತೆ ಕಂಡರೆ ಚೀಟಿಯ ಬಣ್ಣವೂ ನಿಜವಲ್ಲ.

ಹಿಂಬದಿಯ ಚಿತ್ರ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿರಿ. ಪ್ರಾಮಾಣಿಕ ವ್ಯಾಪಾರಿಯು ಇದಕ್ಕೆ ಬೇಸರಿಸುವುದಿಲ್ಲ. ಎರಡು ಸಲ ಕೇಳಿದರೂ ಬೆನ್ನು ತೋರಿಸದವನ ವಸ್ತುವನ್ನು ಬಿಟ್ಟುಬಿಡುವುದೇ ಲೇಸು.

ಮಕ್ಕಳ ಕಾರ್ಡುಗಳು

ಆಟದ ಕಾರ್ಡುಗಳಿಗೂ ಇದೇ ನ್ಯಾಯ. ಅಲ್ಲಿ ನಾಲ್ಕು ಅಂಶಗಳನ್ನು ತೂಗುತ್ತಾರೆ: ಚಿತ್ರವು ನಡುವೆ ಕುಳಿತ ರೀತಿ, ಮೂಲೆಗಳು, ಅಂಚುಗಳು, ಮೇಲ್ಮೈ. ಮೊದಲನೆಯದನ್ನು ಚಿತ್ರದಿಂದಲೇ ಅಳೆಯಬಹುದು. ಎಡದ ಅಂಚು 3 ಮಿ.ಮೀ., ಬಲದ ಅಂಚು 2 ಮಿ.ಮೀ. ಇದ್ದರೆ ಒಟ್ಟು ಐದರಲ್ಲಿ ಅರವತ್ತಕ್ಕೆ ನಲವತ್ತರ ಪಾಲು ಎನ್ನುತ್ತಾರೆ. ಐವತ್ತಕ್ಕೆ ಐವತ್ತು ಉತ್ತಮ. ನಿಮ್ಮ ಮಕ್ಕಳಿಗೆ ಶೇಕಡಾವಾರು ಲೆಕ್ಕ ಕಲಿಸಲು ಇದಕ್ಕಿಂತ ಸರಸವಾದ ಪಾಠ ಇನ್ನೊಂದಿಲ್ಲ. ಮೂಲೆಗಳು ಬೆಳ್ಳಗಾಗಿವೆಯೇ ಎಂಬುದನ್ನು ಕಾರ್ಡಿನ ಹಿಂಬದಿಯಲ್ಲಿ ನೋಡಬೇಕು. ಗಾಢ ಬಣ್ಣದ ಬೆನ್ನಿನ ಮೇಲೆ ಸವೆತವು ಬಿಳಿಯ ಚುಕ್ಕಿಯಾಗಿ ತೋರುತ್ತದೆ.

1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಪೋಕೆಮಾನ್ ಕಾರ್ಡಿನ ಅಳತೆ ಸುಮಾರು 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ. ಸಾಮಾನ್ಯ ಕಾರ್ಡನ್ನು ದೀಪದೆದುರು ಹಿಡಿದರೆ ನಡುವಿನ ಕಪ್ಪು ಪದರದಿಂದಾಗಿ ಬೆಳಕು ಅಷ್ಟಾಗಿ ಹಾಯದು. ಅಗ್ಗದ ನಕಲಿಯಲ್ಲಿ ಬೆಳಕು ಧಾರಾಳವಾಗಿ ಹಾಯುತ್ತದೆ. ಅಕ್ಷರಗಳ ತಪ್ಪು, ಮಂಕಾದ ಬೆನ್ನು ಇವು ಇತರ ಗುರುತುಗಳು. ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಅಗ್ಗದಲ್ಲಿ ಮಾರುವ ಚಿನ್ನದ ಬಣ್ಣದ ತಗಡಿನಂಥ ಕಾರ್ಡುಗಳು ಮೂಲ ಕಂಪನಿಯವಲ್ಲ. ಆಡಲು ಅವು ಸಾಕು. ‘ಮುಂದೆ ಬೆಲೆ ಬರುತ್ತದೆ’ ಎಂದು ಕೂಡಿಡಲು ಅಲ್ಲ.

ಕೆಲವು ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕ ನೀಡಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುತ್ತವೆ. ಅಮೆರಿಕದ ಪಿಎಸ್‌ಎ ಎಂಬ ಸಂಸ್ಥೆಯು 1991ರಿಂದ ಈ ಕೆಲಸ ಮಾಡುತ್ತಿದೆ. ಕವಚದ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಬಹುದು. ಆದರೆ ಕವಚವೊಂದನ್ನೇ ನಂಬಿ ಕುರುಡಾಗಬಾರದೆಂಬುದಕ್ಕೆ ಒಂದು ದೊಡ್ಡ ನಿದರ್ಶನವಿದೆ. 1909ರಿಂದ 1911ರ ಅವಧಿಯಲ್ಲಿ ಸಿಗರೇಟು ಪೊಟ್ಟಣಗಳೊಡನೆ ಬಂದ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೊಂದು 1991ರಲ್ಲಿ 4 ಲಕ್ಷ 51 ಸಾವಿರ ಡಾಲರಿಗೆ ಹರಾಜಾಯಿತು. ಪಿಎಸ್‌ಎ ಅಂಕ ನೀಡಿದ ಮೊಟ್ಟಮೊದಲ ಕಾರ್ಡು ಅದೇ; ದೊರೆತ ಅಂಕ ಎಂಟು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರಿಗೆ ಏರಿತು. ಅಷ್ಟು ಹಳೆಯ ಕಾರ್ಡಿನ ಅಂಚುಗಳು ಅಷ್ಟು ಚೂಪಾಗಿ ಉಳಿದದ್ದು ಹೇಗೆಂದು ಜನ ಬೆರಗಾಗುತ್ತಿದ್ದರು. 2013ರಲ್ಲಿ, ಮೊದಲು ಅದನ್ನು ಕೊಂಡು ಮಾರಿದ್ದ ವ್ಯಾಪಾರಿ ಬಿಲ್ ಮಾಸ್ಟ್ರೋ ನ್ಯಾಯಾಲಯದ ಮುಂದೆ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ಚೂಪು ಮಾಡಿದ್ದಾಗಿ ಒಪ್ಪಿಕೊಂಡನು. ವಯಸ್ಸಿಗೆ ಮೀರಿದ ಚೆಲುವು ಕಂಡಲ್ಲಿ ಅಳತೆಗೋಲು ಹಿಡಿಯಬೇಕೆಂಬುದೇ ಇದರ ಪಾಠ.

ಮಾತಿನ ಬಣ್ಣ

ಮಾರುವವರ ವರ್ಣನೆಯನ್ನೂ ಓದುವ ಕಲೆ ಬೇಕು. ‘ಅತಿ ಅಪರೂಪ’, ‘ಪುರಾತನ’, ‘ಸಂಗ್ರಾಹಕರ ಕನಸು’ ಎಂಬ ಮಾತುಗಳಿಂದ ಸ್ಥಿತಿಯ ಬಗ್ಗೆ ಏನೂ ತಿಳಿಯುವುದಿಲ್ಲ. ‘ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ’ ಎಂದರೆ ದೋಷವಿದೆ ಎಂದೇ ತಿಳಿಯಬೇಕು. ‘ಚಿತ್ರದಲ್ಲಿ ಕಂಡಂತೆ’ ಎಂಬುದು ಹೊಣೆಯನ್ನು ಕೊಳ್ಳುವವರ ಕಣ್ಣಿಗೆ ವರ್ಗಾಯಿಸುವ ಉಪಾಯ. ಆದುದರಿಂದ ಹಣ ಕಳುಹಿಸುವ ಮೊದಲು ಒಂದೇ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಿರಿ: ‘ಇದರಲ್ಲಿ ಮಡಿಕೆ, ಹರಕು, ತೆಳುವಾದ ಜಾಗ, ಕಲೆ ಅಥವಾ ರಿಪೇರಿ ಏನಾದರೂ ಇದೆಯೇ?’ ಇದಕ್ಕೆ ಬಂದ ಲಿಖಿತ ಉತ್ತರವೇ ಮುಂದೆ ನಿಮ್ಮ ಕೈಯಲ್ಲಿರುವ ದಾಖಲೆ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ತೂರಿದ ಹೊಟ್ಟು.

ಪೊಟ್ಟಣ ಬಂದಾಗ ಅದನ್ನು ಒಡೆಯುವುದರಿಂದ ಹಿಡಿದು ವಸ್ತುವಿನ ಎರಡೂ ಬದಿಗಳನ್ನು ತೋರಿಸುವವರೆಗೆ ತಡೆಯಿಲ್ಲದೆ ವಿಡಿಯೋ ಮಾಡಿಕೊಳ್ಳಿರಿ. ಅದೇ ದಿನ ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ವರ್ಣನೆಯೊಡನೆ ತಾಳೆ ನೋಡಿರಿ. ವಸ್ತುವು ದೋಷಯುಕ್ತವೋ ನಕಲಿಯೋ ಆಗಿದ್ದರೆ, ಇಲ್ಲವೇ ಜಾಹೀರಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಂತರ್ಜಾಲದ ಮಾರಾಟ ತಾಣಗಳಲ್ಲಿ ವ್ಯಾಪಾರ ಮಾಡುವವನು ಅದನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲವೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಸಿಂದಗಿಯವರು ಮುಂಬಯಿಗೋ ಕೋಲ್ಕತಾಕ್ಕೋ ಅಲೆಯಬೇಕಾಗಿಲ್ಲ, ವಿಜಯಪುರ ಸಾಕು. ಆದರೆ ಗುರುತಿಲ್ಲದ ವಾಟ್ಸ್‌ಆಪ್ ಗುಂಪಿನಲ್ಲಿ ಯಾರದೋ ಖಾತೆಗೆ ಹಣ ಹಾಕಿದ ಮೇಲೆ ಆತನನ್ನು ಹುಡುಕುವುದೇ ಕಷ್ಟ. ಅಲ್ಲಿ ಪೂರ್ತಿ ವಂಚನೆಯೇ ನಡೆದಿದ್ದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಹೊಸ ಚೀಟಿಗಳ ಮಟ್ಟಿಗೆ ಇಷ್ಟೆಲ್ಲ ಆತಂಕವೇ ಬೇಡ. ಅಂಚೆ ಇಲಾಖೆಯಲ್ಲಿ 200 ರೂಪಾಯಿ ಠೇವಣಿಯಿಟ್ಟು ಫಿಲಾಟೆಲಿ ಖಾತೆ ತೆರೆದರೆ ಹೊಸ ಚೀಟಿಗಳು ಮುಖಬೆಲೆಗೇ ಮನೆಗೆ ಬರುತ್ತವೆ. ಆರನೆಯದರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಈ ಹವ್ಯಾಸಕ್ಕಾಗಿಯೇ ವರ್ಷಕ್ಕೆ 6,000 ರೂಪಾಯಿಯ ವಿದ್ಯಾರ್ಥಿವೇತನ ನೀಡುವ ದೀನ ದಯಾಳ್ ಸ್ಪರ್ಶ್ ಯೋಜನೆಯನ್ನು ಇಲಾಖೆಯು 2017ರಲ್ಲಿ ಆರಂಭಿಸಿತು. ನಮ್ಮ ತಾಲೂಕುಗಳ ಶಿಕ್ಷಕರು ಇತ್ತ ಗಮನ ಹರಿಸಬೇಕು.

ಮಾರುವವರೂ ನಾವೇ

ಕೊನೆಯದಾಗಿ ಒಂದು ಮಾತು. ಕೊಳ್ಳುವವರು ಮಾತ್ರವಲ್ಲ, ಮಾರುವವರೂ ನಮ್ಮ ಮನೆಗಳಲ್ಲಿದ್ದಾರೆ. ತೀರಿಕೊಂಡ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಚೀಟಿಯ ಪುಸ್ತಕವೋ ಕಾಗದದ ಕಟ್ಟೋ ಸಿಕ್ಕಾಗ ಅವಸರದಿಂದ ಎರಡು ಚಿತ್ರ ತೆಗೆದು ಕಳುಹಿಸಿದರೆ, ಆ ಕಡೆಯವನು ‘ಎಲ್ಲ ಕೆಟ್ಟು ಹೋಗಿವೆ’ ಎಂದು ಚಿಲ್ಲರೆ ಕಾಸಿಗೆ ಕೇಳುತ್ತಾನೆ. ಸ್ಥಿತಿಯನ್ನು ಅರಿತವರು ಅಲ್ಲಿಯೂ ಮೋಸಹೋಗುವುದಿಲ್ಲ. ಹಳೆಯ ಲಕೋಟೆಯಿಂದ ಚೀಟಿಯನ್ನು ನೀರಿನಲ್ಲಿ ನೆನೆಸಿ ಬಿಡಿಸಬೇಡಿರಿ. ಮುದ್ದೇಬಿಹಾಳವೆಂದೋ ಇಂಡಿಯೆಂದೋ ಊರ ಮುದ್ರೆ ಸ್ಪಷ್ಟವಾಗಿ ಬಿದ್ದ ಇಡೀ ಲಕೋಟೆಯು ಬಿಡಿ ಚೀಟಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಿರಬಹುದು. ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಬೇಡಿರಿ, ಲ್ಯಾಮಿನೇಷನ್ ಮಾಡಿಸಬೇಡಿರಿ, ಕಲೆಯನ್ನು ತಿಕ್ಕಬೇಡಿರಿ. ನಮ್ಮ ಬೇಸಿಗೆಯ ಉರಿಯಲ್ಲಿ ತಗಡಿನ ಮಾಡಿನ ಕೆಳಗೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟರೆ ಕಾರ್ಡು ಡೊಂಕಾಗುತ್ತದೆ, ಅಂಟು ಬಿರಿಯುತ್ತದೆ. ತಂಪಾದ ಒಣ ಕಪಾಟಿನಲ್ಲಿ ಚಪ್ಪಟೆಯಾಗಿ ಇಡಿರಿ.

ನಾವು ಮಾರುವಾಗ ವಸ್ತುವಿನ ಬೆನ್ನನ್ನು ನಾವೇ ಮೊದಲು ತೋರಿಸಬೇಕು. ‘ಬಲಮೂಲೆಯ ಹಲ್ಲೊಂದು ಗಿಡ್ಡ, ಹಿಂದೆ ಸಣ್ಣ ಕಲೆ’ ಎಂದು ಬರೆದರೆ ನಾಲ್ಕು ರೂಪಾಯಿ ಕಡಿಮೆ ಬರಬಹುದು. ಆದರೆ ಕೊಂಡವನು ಮತ್ತೆ ನಮ್ಮಲ್ಲಿಗೇ ಬರುತ್ತಾನೆ. ಮಗನು ತನ್ನ ಸವೆದ ಕಾರ್ಡನ್ನು ಹೊಸದೆಂದು ಗೆಳೆಯನಿಗೆ ದಾಟಿಸಲು ಹೊರಟಾಗ ತಂದೆ–ತಾಯಿಗಳು ನಕ್ಕು ಸುಮ್ಮನಾದರೆ ಅಲ್ಲಿ ಕೆಡುವುದು ಕಾರ್ಡಿನ ಸ್ಥಿತಿಯಲ್ಲ. ಅಂಗೈಯಗಲದ ಕಾಗದದ ತುಂಡಿನ ಮೇಲೆ ಕಲಿತ ಸತ್ಯವೇ ನಾಳೆ ಹೊಲದ ಪತ್ರದಲ್ಲಿ, ತಕ್ಕಡಿಯಲ್ಲಿ, ಸಂಬಂಧಗಳಲ್ಲಿ ಕೈ ಹಿಡಿದು ನಡೆಸುವುದು. ಕೊಳ್ಳುವಾಗ ಹೊಳ್ಳಿಸಿ ನೋಡೋಣ. ಮಾರುವಾಗ ಹೊಳ್ಳಿಸಿ ತೋರಿಸೋಣ.